ಒಂಥರಾ ಅಂದರೆ ಯಾವ ಥರ

ದೊಡ್ಡ ಕುಕ್ಕರಿನ ವೆಯ್ಟ್ ಕಳೆದುಹೋಗಿ ಮೂರು ದಿನವಾಗಿತ್ತು. ಮನೆಯಲ್ಲಿ ಇರುವವರು ಮೂರೇ ಜನ, ಚಿಕ್ಕ ಕುಕ್ಕರ್ ಇನ್ನೊಂದಿದೆ, ಆದರೂ ನಾನು ಗಂಡನ ಮೇಲೂ ಅತ್ತೆಯವರ ಮೇಲೂ ಹಾರಾಡಿದ್ದೆ. ನನ್ನ ಬಾಯಿಯೇ ಹಾಗೆ, ಮೊದಲು ಹಾರಾಡುತ್ತೇನೆ, ಆಮೇಲೆ ಹುಡುಕುತ್ತೇನೆ. ಕಡೆಗೆ ಸಿಲಿಂಡರ್ ಬದಲಾಯಿಸಲು ಬಗ್ಗಿದಾಗ ಅದು ಗ್ಯಾಸ್ ಪೈಪಿನ ಹಿಂದೆ ಜಿಡ್ಡು ಧೂಳು ಮೆತ್ತಿಕೊಂಡು ಬಿದ್ದಿತ್ತು. ಇಟ್ಟದ್ದು ನಾನೇ ಇರಬೇಕು. ಯಾರಿಗೂ ಹೇಳದೆ ಸೋಪು ಹಾಕಿ ತೊಳೆದು ಅಂಗೈಯಲ್ಲಿ ಇಟ್ಟುಕೊಂಡೆ.

ಎಷ್ಟು ಹಗುರ! ಇಷ್ಟು ಹಗುರವಾದದ್ದಕ್ಕೆ ವೆಯ್ಟ್ ಅಂತ ಯಾವ ಪುಣ್ಯಾತ್ಮ ಹೆಸರಿಟ್ಟನೋ ಎಂದುಕೊಂಡೆ. ಅಷ್ಟು ಅಂದುಕೊಂಡದ್ದೇ ಸಾಕಾಯಿತು. ಕೈ ಒದ್ದೆಯಾಗಿಯೇ ಇತ್ತು, ನಲ್ಲಿ ಸುರಿಯುತ್ತಲೇ ಇತ್ತು, ನಾನು ಮಾತ್ರ ವಿದ್ಯಾರಣ್ಯಪುರದ ಈ ಅಡುಗೆಮನೆ ಬಿಟ್ಟು ಹದಿನೈದು ವರ್ಷ ಹಿಂದಿನ ಆರ್.ಟಿ. ನಗರಕ್ಕೆ, ಒಂದು ಮೊದಲ ಮಹಡಿಯ ವರಾಂಡಕ್ಕೆ ಹೋಗಿ ನಿಂತುಬಿಟ್ಟಿದ್ದೆ...

ಆ ವರಾಂಡದಲ್ಲಿ ನನಗೆ ಇಂಗ್ಲಿಷ್ ಹೇಳಿಕೊಟ್ಟವರನ್ನು ನಾವೆಲ್ಲ ಮಿಸ್ ಎಂದೇ ಕರೆಯುತ್ತಿದ್ದೆವು. ಅವರು ನಮ್ಮ ಮುಂದೆ ಆಡಿದ ಕಡೆಯ ಮಾತುಗಳಲ್ಲಿ ಈ ಕುಕ್ಕರ್ ವೆಯ್ಟ್ ಇತ್ತು. ಆ ಮಾತನ್ನು ನಾನು ನೆಟ್ಟಗೆ ಅರ್ಥ ಮಾಡಿಕೊಂಡಿದ್ದರೆ ಅವರು ಉಳಿಯುತ್ತಿದ್ದರೋ ಏನೋ. ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ. ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ, ಕೇಳಲೇಬೇಕಾದವರು ಬಂದು ಕೇಳಿದಾಗಲೂ ಸುಳ್ಳು ಹೇಳಿದ್ದೆ.

ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನನಗೇ ಗೊಂದಲವಾಗುತ್ತದೆ.

ಸೆಕೆಂಡ್ ಪಿಯುಸಿಯಲ್ಲಿ ನಾನು ಇಂಗ್ಲಿಷ್ ಒಂದರಲ್ಲಿ ಡುಮ್ಕಿ ಹೊಡೆದಿದ್ದೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಕನ್ನಡದಲ್ಲಿ ನೂರಕ್ಕೆ ತೊಂಬತ್ತು ಚಿಲ್ಲರೆ ತೆಗೆದವಳಿಗೆ ಇಂಗ್ಲಿಷಿನಲ್ಲಿ ಇಪ್ಪತ್ತೊಂಬತ್ತು ಬಂದರೆ ಹೇಗಿರುತ್ತದೆ! ಅಮ್ಮ ಮನೆಯಲ್ಲೇ ಸೀರೆಗೆ ಫಾಲ್ಸ್ ಹಾಕುತ್ತಿದ್ದರು. ಕೆಲಸ ಬರುತ್ತಿದ್ದದ್ದು ಆರ್.ಟಿ. ನಗರದ ಒಂದು ಮ್ಯಾಚಿಂಗ್ ಸೆಂಟರಿನಿಂದ. ಸೀರೆಗೆ ಒಪ್ಪುವ ಬ್ಲೌಸ್ ಪೀಸು, ಲೈನಿಂಗ್ ಬಟ್ಟೆ, ಫಾಲ್ಸು, ದಾರ ಮಾರುವ ಅಂಗಡಿ ಅದು. ಹೊಲಿದ ಸೀರೆಗಳನ್ನು ವಾಪಸು ಕೊಡಲು ಹೋದಾಗ ಅಮ್ಮ ಅಂಗಡಿಯವರ ಮುಂದೆ ನನ್ನ ಮಾರ್ಕ್ಸ್ ಕಾರ್ಡಿನ ಕಥೆ ಹೇಳಿಕೊಂಡು ಅತ್ತರು. ಅಂಗಡಿಯವರು ಟೇಪು ಕೊರಳಿಗೆ ಹಾಕಿಕೊಂಡೇ ಎದ್ದು, ಮೇಲಕ್ಕೆ ಕೈ ತೋರಿಸಿ, ನಮ್ಮ ಮನೆಯವರೇ ಇಂಗ್ಲಿಷ್ ಮಿಸ್ಸು, ನಾಳೆಯಿಂದ ಕಳಿಸಿ ಎಂದರು. ಅಂಗಡಿಯ ಮೇಲೆಯೇ ಅವರ ಮನೆ. ಅಲ್ಲಿಂದ ಮುಂದೆ ಅವರು ನನಗೆ ಅಂಕಲ್, ಅವರ ಹೆಂಡತಿ ಮಿಸ್.

ಮಿಸ್‌ಗೆ ಆಗ ಐವತ್ತೈದರ ಹತ್ತಿರ. ಯಾವುದೋ ಶಾಲೆಯಲ್ಲಿ ಬಹಳ ವರ್ಷ ಪಾಠ ಹೇಳಿ, ಮಂಡಿ ನೋವಿಗೆ ಬಿಟ್ಟಿದ್ದರು. ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷ್. ತಲೆಯ ಮೇಲಿನ ದುಪಟ್ಟಾ ಜಾರಿದಾಗಲೆಲ್ಲ ಸೀಮೆಸುಣ್ಣದ ಕೈಯಲ್ಲೇ ಸರಿಪಡಿಸಿಕೊಳ್ಳುತ್ತಿದ್ದರು, ಸಂಜೆ ಹೊತ್ತಿಗೆ ಅವರ ದುಪಟ್ಟಾದ ಅಂಚೆಲ್ಲ ಬೆಳ್ಳಗಾಗಿರುತ್ತಿತ್ತು. ನಾವು ನಾಲ್ಕು ಜನ, ನಾಲ್ವರೂ ಇಂಗ್ಲಿಷಿನಲ್ಲೇ ಫೇಲು. ಅವರಲ್ಲಿ ನನಗೆ ಚೆನ್ನಾಗಿ ನೆನಪಿರುವವನು ಬಾಗಲೂರು ಕಡೆಯಿಂದ ಬೈಕಿನಲ್ಲಿ ಬರುತ್ತಿದ್ದ ಹುಡುಗ. ಜಮೀನು ಲೇಔಟ್ ಆಗಿ ಮನೆಗೆ ಎರಡು ಕಾರು ಬಂದಿದ್ದವು, ಅವನ ನಾಲಿಗೆಗೆ ಮಾತ್ರ ಹಕಾರ ಬಂದಿರಲಿಲ್ಲ. ಐರನಿ ಅಂದರೆ ಏನು ಎಂದು ಮಿಸ್ ಮೊದಲ ದಿನ ಕೇಳಿದರೆ, ಬಟ್ಟೆಗೆ ಇಸ್ತ್ರಿ ಮಾಡೋದು ಎಂದ. ನಕ್ಕ ನಾನೇನು ಕಮ್ಮಿಯೇ? ಸಿಮಿಲಿ ಅನ್ನುವುದನ್ನು ಸಿಮೈಲ್ ಎಂದು ಓದಿದೆ. ಹೈಪರ್ಬೋಲಿಯನ್ನು ಹೈಪರ್‌ಬೌಲ್ ಎಂದೆ. ಅದೇನ್ ಮಿಸ್, ಕ್ರಿಕೆಟ್ಟಾ ಎಂದು ಅವನು ಸೇಡು ತೀರಿಸಿಕೊಂಡ.

ಮಿಸ್ ನಗಲಿಲ್ಲ. ನನ್ನ ಹಳೆಯ ಉತ್ತರ ಪತ್ರಿಕೆಯ ಜೆರಾಕ್ಸ್ ತರಿಸಿಕೊಂಡು ಕೂತು ಓದಿದರು. ಹೈಪರ್ಬೋಲಿ ಅಂದರೇನು ಎಂಬ ಪ್ರಶ್ನೆಗೆ ನನಗೆ ಸೊನ್ನೆ ಬಂದಿತ್ತು. ಗೈಡಿನಲ್ಲಿ ಅದಕ್ಕೆ ಉತ್ಪ್ರೇಕ್ಷೆ ಎಂಬ ಅರ್ಥ ಕೊಟ್ಟಿದ್ದರು. ನಾನು ಕನ್ನಡ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದ ಉತ್ಪ್ರೇಕ್ಷಾಲಂಕಾರವನ್ನು ನೆಟ್ಟಗೆ ಇಂಗ್ಲಿಷಿಗೆ ತಿರುಗಿಸಿ ಬರೆದಿದ್ದೆ, ಒಂದು ವಸ್ತುವನ್ನು ಮತ್ತೊಂದೆಂದು ಕಲ್ಪಿಸಿ ಹೇಳುವುದು ಎಂದು. ಮಿಸ್‌ಗೆ ಕನ್ನಡ ಅಲಂಕಾರ ಗೊತ್ತಿಲ್ಲ, ಅವರು ಓದಿದ್ದು ಉರ್ದು ಮತ್ತು ಇಂಗ್ಲಿಷ್. ಉತ್ಪ್ರೇಕ್ಷೆ ಅಂದ್ರೆ ಬಂಡಲ್ ಬಿಡೋದು ತಾನೇ ಎಂದು ಕೇಳಿದರು. ಬೀದಿಯಲ್ಲಿ ಹೌದು ಮಿಸ್, ವ್ಯಾಕರಣದಲ್ಲಿ ಅಲ್ಲ, ವ್ಯಾಕರಣದಲ್ಲಿ ಬಂಡಲ್ ಬಿಡುವುದಕ್ಕೆ ಅತಿಶಯೋಕ್ತಿ ಅನ್ನುತ್ತಾರೆ ಎಂದೆ. ಅವರು ಉತ್ತರ ಪತ್ರಿಕೆಯನ್ನು ಮಡಚಿ ಕೆಳಗಿಟ್ಟರು. ನೀನು ದಡ್ಡಿಯಲ್ಲ, ಎರಡು ಬಸ್ಸಿಗೆ ಒಂದೇ ನಂಬರ್ ಇದೆ, ನೀನು ತಪ್ಪು ಬಸ್ ಹತ್ತಿದ್ದೀಯ ಅಷ್ಟೇ ಎಂದರು. ಫೇಲಾದ ಮೇಲೆ ನನ್ನನ್ನು ದಡ್ಡಿಯಲ್ಲ ಎಂದವರು ಅವರೊಬ್ಬರೇ. ನಾನು ಅವತ್ತೇ ಅವರಿಗೆ ಸೋತೆ.

ಅವರು ಪಾಠಕ್ಕೆ ಪುಸ್ತಕ ಹುಡುಕುತ್ತಿರಲಿಲ್ಲ, ಕೆಳಗಿನ ಅಂಗಡಿಯಿಂದ ಸಾಮಾನು ತರಿಸುತ್ತಿದ್ದರು. ಒಂದು ಸಂಜೆ ಒಂದು ಸೀರೆ, ನಾಲ್ಕಾರು ಬ್ಲೌಸ್ ಪೀಸು ಚಾಪೆಯ ಮೇಲೆ ಹರಡಿದರು.

“ಸಿಮಿಲಿ ಅಂದ್ರೆ ಮ್ಯಾಚಿಂಗ್ ಬ್ಲೌಸ್ ಕಣಮ್ಮ. ಸೀರೆ ಬೇರೆ, ಬ್ಲೌಸ್ ಬೇರೆ, ಹತ್ರ ಇಟ್ಟು ಇದರ ಥರಾನೇ ಇದೆ ಅಂತೀವಿ. ಮೆಟಫರ್ ಅಂದ್ರೆ ರನ್ನಿಂಗ್ ಬ್ಲೌಸ್. ಸೀರೆಯಿಂದಾನೇ ಕತ್ತರಿಸಿದ್ದು. ಅಲ್ಲಿ ಥರ ಗಿರ ಏನಿಲ್ಲ, ಅದೇ ಇದು.”

ಇವತ್ತಿಗೂ ಸೀರೆ ಕೊಳ್ಳಲು ಹೋದಾಗ ರನ್ನಿಂಗ್ ಬ್ಲೌಸ್ ಇದೆಯಾ ಎಂದು ಕೇಳುವಾಗ ನನಗೆ ಮೆಟಫರ್ ಎಂದೇ ಕೇಳಿಸುತ್ತದೆ. ಅಂಗಡಿಯವರಿಗೇನು ಗೊತ್ತು.

ನಾನೂ ಅವರಿಗೆ ಹೇಳಿಕೊಟ್ಟೆ. ಹೋಲಿಸುವ ವಸ್ತು ಉಪಮೇಯ, ಯಾವುದಕ್ಕೆ ಹೋಲಿಸುತ್ತೇವೋ ಅದು ಉಪಮಾನ, ಥರ, ಹಾಗೆ, ಅಂತೆ ಎನ್ನುವ ಮಾತು ವಾಚಕ, ಎರಡರಲ್ಲೂ ಇರುವ ಗುಣ ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದು ತಪ್ಪಿಹೋದರೆ ಲುಪ್ತೋಪಮೆ. ಮಿಸ್ ಚಿಕ್ಕ ಹುಡುಗಿಯಂತೆ ನೋಟ್ ಬರೆದುಕೊಂಡರು. ಲುಪ್ತ ಎಂದದ್ದು ಅವರಿಗೆ ಲುತ್ಫ್ ಎಂದು ಕೇಳಿಸಿತು. ಉರ್ದುವಿನಲ್ಲಿ ಲುತ್ಫ್ ಅಂದರೆ ಸುಖ, ಮಜಾ. ಅರೆ ವಾಹ್, ಒಂದು ಕಮ್ಮಿ ಇದ್ದರೆ ಮಜಾ ಜಾಸ್ತಿ ಅಂತಾರಾ ನಿಮ್ಮ ಮೇಷ್ಟ್ರು ಎಂದು ಖುಷಿಪಟ್ಟರು. ಅಲ್ಲ ಮಿಸ್, ಲುಪ್ತ ಅಂದರೆ ಕಾಣೆಯಾದದ್ದು ಎಂದು ತಿದ್ದಿದೆ. ತಿದ್ದಿದರೂ ಅವರು ಬಿಡಲಿಲ್ಲ, ಕಡೆಯವರೆಗೂ ಅದು ಲುತ್ಫೋಪಮೆಯೇ ಆಗಿತ್ತು.

ಸಮಾನಧರ್ಮ ಎನ್ನುವ ಪದ ಮಾತ್ರ ಅವರಿಗೆ ಬಹಳ ಹಿಡಿಸಿತು. ಇಂಗ್ಲಿಷ್ ಸಾಲಿನಲ್ಲಿ ಸಿಮಿಲಿ ಎಲ್ಲಿದೆ ಎಂದು ತೋರಿಸಿದರೆ ಸಾಲುತ್ತಿರಲಿಲ್ಲ, ತಕ್ಷಣ “ಸಮಾನಧರ್ಮ?” ಎಂದು ನಮ್ಮ ಕಡೆ ಸೀಮೆಸುಣ್ಣ ಚಾಚುತ್ತಿದ್ದರು. ಹುಡುಗ ಸಿಂಹದ ಥರ ಅಂದರೆ ಯಾವುದರಲ್ಲಿ? ಧೈರ್ಯದಲ್ಲೋ, ಕೂದಲಲ್ಲೋ, ಹಗಲೆಲ್ಲ ಮಲಗುವುದರಲ್ಲೋ? ಅದು ಗೊತ್ತಾಗದಿದ್ದರೆ ನಿಮಗೆ ಏನೂ ಗೊತ್ತಾದ ಹಾಗಲ್ಲ ಎನ್ನುತ್ತಿದ್ದರು.

ಅವರಿಗೆ ಆಗದಿದ್ದ ಮಾತು ಒಂದೇ, ಒಂಥರಾ. ನಮ್ಮ ಊರಿನ ಬಾಯಿಗೆ ಅದಿಲ್ಲದೆ ಮಾತೇ ಹೊರಡುವುದಿಲ್ಲವಲ್ಲ. ಪಿಕ್ಚರ್ ಹೇಗಿತ್ತು ಅಂದರೆ ಒಂಥರಾ ಚೆನ್ನಾಗಿತ್ತು. ಅವನು ಹೇಗೆ ಅಂದರೆ ಒಂಥರಾ ಜನ. ಹೊಟ್ಟೆ ಒಂಥರಾ, ತಲೆ ಒಂಥರಾ, ಮನಸ್ಸು ಒಂಥರಾ. ಥರ ಅಂತ ಹೋಲಿಕೆ ಶುರು ಮಾಡಿ ಉಪಮಾನ ಕೊಡದೆ ಓಡಿಹೋಗುತ್ತೀರಿ, ಸೋಮಾರಿಗಳು ಎಂದು ಬೈದು ಒಂದು ಕಾನೂನು ಮಾಡಿದರು. ವರಾಂಡದಲ್ಲಿ ಯಾರೇ ಒಂಥರಾ ಅಂದರೂ ಉಳಿದವರೆಲ್ಲ ಒಟ್ಟಿಗೆ “ಯಾವ ಥರ?” ಎಂದು ಕೂಗಬೇಕು. ಅಂದವರು ಹೋಲಿಕೆಯನ್ನು ಪೂರ್ತಿ ಮಾಡಲೇಬೇಕು.

ನಮಗಂತೂ ಹಬ್ಬವಾಯಿತು. ಬಾಗಲೂರಿನವನು ಒಂದು ದಿನ ತಡವಾಗಿ ಬಂದು, ರೋಡೆಲ್ಲ ಒಂಥರಾ ಆಗೈತೆ ಮಿಸ್ ಎಂದ. ಯಾವ ಥರ ಎಂದು ಕೂಗಿದೆವು. ತಲೆ ಕೆರೆದುಕೊಂಡು, “ನಮ್ಮಜ್ಜಿ ಬಾಯಿ ಇದ್ದಂಗೆ, ಅಲ್ಲೊಂದು ಅಲ್ಲು ಇಲ್ಲೊಂದು ಅಲ್ಲು” ಎಂದ. ಅವನ ಅಲ್ಲು ಹಲ್ಲು ಎಂದು ತಿಳಿಯಲು ಮಿಸ್‌ಗೆ ಅರ್ಧ ನಿಮಿಷ ಬೇಕಾಯಿತು. ತಿಳಿದ ಮೇಲೆ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು, ಫುಲ್ ಮಾರ್ಕ್ಸ್ ಎಂದರು.

ಆ ಎರಡು ತಿಂಗಳು... ಏನು ಹೇಳಲಿ, ನನ್ನ ಜೀವನದಲ್ಲಿ ನಾನು ಜಾಣೆಯಾಗಿದ್ದ ಎರಡು ತಿಂಗಳು ಅವು.

ಸಪ್ಲಿಮೆಂಟರಿ ಪರೀಕ್ಷೆಗೆ ಒಂದು ವಾರವಿತ್ತು. ಸಂಜೆ ನಾಲ್ಕಕ್ಕೆ ಹೋದೆವು. ಸೆಕೆ ಬಹಳ ಇತ್ತು, ಕರೆಂಟ್ ಇರಲಿಲ್ಲ. ಮಿಸ್ ಒಳಗಿಂದ ಬರಲು ತಡ ಮಾಡಿದರು. ಬಂದು, ಯಾವಾಗಲೂ ನಿಂತೇ ಪಾಠ ಹೇಳುವವರು ಕುರ್ಚಿಯಲ್ಲಿ ಕೂತರು. ದುಪಟ್ಟಾದ ಅಂಚಿನಿಂದ ಕತ್ತು ಒರೆಸಿಕೊಂಡರು. ಮಂಡಿ ನೋವು ಇರಬೇಕು ಎಂದುಕೊಂಡೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ನಮ್ಮ ಕಡೆ ಚಾಚಿ, ಇವತ್ತು ನೀವೇ ಮಾಡಿ ಎಂದರು. ಆಮೇಲೆ, ನಮಗೆ ಅಂತಲೂ ಅಲ್ಲ, ತಮಗೆ ಅಂತಲೂ ಅಲ್ಲ, ಮೆಲ್ಲಗೆ ಅಂದರು.

“ಯಾಕೋ ಒಂಥರಾ ಆಗ್ತಿದೆ.”

ನಾಲ್ಕು ಜನರೂ ಒಂದೇ ಬಾಯಲ್ಲಿ ಕೂಗಿದೆವು, ಯಾವ ಥರ ಮಿಸ್ ಅಂತ. ಎರಡು ತಿಂಗಳಲ್ಲಿ ಅವರು ಸಿಕ್ಕಿಬಿದ್ದದ್ದು ಅದೇ ಮೊದಲು. ಬಾಗಲೂರಿನವನು ಮೇಜು ಬಡಿದ. ನಾನು ಚಪ್ಪಾಳೆ ತಟ್ಟಿದೆ. ಹೌದು, ಚಪ್ಪಾಳೆ ತಟ್ಟಿದೆ...

ಮಿಸ್ ನಕ್ಕರು. ಕಾನೂನು ಕಾನೂನೇ ಎನ್ನುವ ಹಾಗೆ ಕೈಯೆತ್ತಿದರು. ಕಣ್ಣು ಮುಚ್ಚಿ ಯೋಚನೆ ಮಾಡಿದರು, ಅವರು ಉದಾಹರಣೆ ಹುಡುಕುವಾಗ ಯಾವಾಗಲೂ ಹಾಗೆಯೇ ಕಣ್ಣು ಮುಚ್ಚುತ್ತಿದ್ದರು. ಬಲಗೈಯನ್ನು ಕತ್ತಿನ ಕೆಳಗೆ ಇಟ್ಟುಕೊಂಡು ಹೇಳಿದರು.

“ಇಲ್ಲಿ, ಕುಕ್ಕರ್ ಮೇಲೆ ವೆಯ್ಟ್ ಇಟ್ಟ ಥರ.”

“ಸಿಮಿಲಿ!” ಎಂದು ಎಲ್ಲರಿಗಿಂತ ಮೊದಲು ಕೂಗಿದವಳು ನಾನು.

ಅವರು ಕಣ್ಣು ಬಿಟ್ಟು ನನ್ನನ್ನೇ ನೋಡಿ, “ಸಮಾನಧರ್ಮ?” ಎಂದರು.

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. “ಭಾರ, ಮಿಸ್” ಎಂದೆ.

ಅವರು ತಲೆ ಅಲ್ಲಾಡಿಸಿದರು. ನಮ್ಮ ಕಡೆಯವರು ಅಲ್ಲಾಡಿಸುತ್ತಾರಲ್ಲ, ಆ ಕಡೆ ಈ ಕಡೆ, ಹೌದೂ ಅಲ್ಲ, ಅಲ್ಲವೂ ಅಲ್ಲ, ಹಾಗೆ. ಉತ್ತರ ಸರಿ ಎಂದೋ, ತಪ್ಪು ಎಂದೋ, ಇರಲಿ ಬಿಡು ಎಂದೋ. ಆಗ ನಾನು ಸರಿ ಎಂದುಕೊಂಡು ಬೀಗಿದೆ. ಆಮೇಲೆ ಅವರು, ನೀವು ಬರೀತಿರಿ, ಐದು ನಿಮಿಷ ಒರಗಿ ಬರ್ತೀನಿ ಎಂದು ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದರು. ಮಂಡಿ ನೋವಿನವರು ಗೋಡೆ ಹಿಡಿಯುವುದು ಹೊಸತಲ್ಲ.

ನಾವು ಪ್ರಶ್ನೆಪತ್ರಿಕೆ ಪೂರ್ತಿ ಮಾಡಿದೆವು. ಐದೂವರೆಯಾದರೂ ಅವರು ಬರಲಿಲ್ಲ. ಕರೆಯೋಣ ಎಂದ ಬಾಗಲೂರಿನವನು. ಬೇಡ, ಪಾಪ ಮಲಗಿದ್ದಾರೆ ಎಂದವಳು ನಾನೇ. ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಾಗದಂತೆ ಮೆಟ್ಟಿಲಿಳಿದೆವು. ಅಂಕಲ್ ಯಾರಿಗೋ ಲೈನಿಂಗ್ ಬಟ್ಟೆ ಅಳೆಯುತ್ತಿದ್ದವರು ತಲೆಯೆತ್ತಿ ಕ್ಲಾಸ್ ಆಯ್ತಾ ಎಂದು ಕೇಳಿದರು. ಆಯ್ತು ಅಂಕಲ್, ಮಿಸ್ ಮಲಗಿದ್ದಾರೆ, ಎಬ್ಬಿಸಬೇಡಿ ಎಂದೆ. ಅದೂ ನಾನೇ. ನನ್ನ ಬಾಯಿಗೆ ಅವತ್ತು ಏನಾಗಿತ್ತೋ, ಎಲ್ಲದಕ್ಕೂ ಮುಂದು.

ಅಂಕಲ್ ಎಬ್ಬಿಸಲಿಲ್ಲ. ಸಂಜೆಯ ನಮಾಜು ಮುಗಿಸಿ ಮೇಲೆ ಹೋದಾಗ ಏಳೂವರೆ. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರಂತೆ, ಅಲ್ಲಿನ ಡಾಕ್ಟರು ತಡವಾಗಿಬಿಟ್ಟಿದೆ ಎಂದರಂತೆ.

ಮರುದಿನ ನಾನು ಹೋದಾಗ ಅಂಗಡಿಯ ಶಟರ್ ಎಳೆದಿತ್ತು. ಮೆಟ್ಟಿಲ ತುಂಬ ಚಪ್ಪಲಿ. ಮೇಲೆ ಹೆಂಗಸರು ಕುರಾನ್ ಓದುತ್ತಿದ್ದ ಸದ್ದು ಕೇಳುತ್ತಿತ್ತು. ನನಗೆ ಹತ್ತಲಾಗಲಿಲ್ಲ. ಅಂಕಲ್ ಕೆಳಗೆ ಗಂಡಸರ ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ಕಂಡು ತಾವೇ ಎದ್ದು ಬಂದರು. ನಿನ್ನೆ ನಿಮ್ಮ ಮಿಸ್ ಏನಾದ್ರೂ ಹೇಳಿದ್ರಾಮ್ಮಾ, ಎದೆ ನೋವು, ಗಿದೆ ನೋವು ಅಂತ ಎಂದು ಕೇಳಿದರು. ಗದರುವ ಹಾಗೆ ಅಲ್ಲ, ಕಳೆದ ಸಾಮಾನು ಇಲ್ಲೇನಾದರೂ ಇದೆಯಾ ಎಂದು ಕೇಳುವ ಹಾಗೆ.

“ಇಲ್ಲ ಅಂಕಲ್. ಏನೂ ಹೇಳ್ಲಿಲ್ಲ” ಎಂದೆ.

ಎದೆ ನೋವು ಎಂಬ ಮಾತು ಮಿಸ್ ಬಾಯಲ್ಲಿ ಬಂದಿರಲಿಲ್ಲವಲ್ಲ. ಲಾಯರ್ ಥರ ಯೋಚಿಸಿದರೆ ನಾನು ಹೇಳಿದ್ದು ಸುಳ್ಳಲ್ಲ. ನಾನು ಲಾಯರ್ ಅಲ್ಲ, ಅದು ಸುಳ್ಳೇ.

ಪರೀಕ್ಷೆ ಬರೆದೆ. ಸಿಮಿಲಿಗೆ ನಿಮ್ಮದೇ ಒಂದು ಉದಾಹರಣೆ ಕೊಡಿ ಎಂದು ಕೇಳಿದ್ದರು. ಎಷ್ಟೊಂದು ಕಲಿತಿದ್ದೆ! ಬ್ಲೌಸು, ಸಿಂಹ, ಅಜ್ಜಿಯ ಹಲ್ಲು, ಯಾವುದೂ ಬರಲಿಲ್ಲ. ಪೆನ್ನು ಹಿಡಿದ ಕೈ ಕುಕ್ಕರನ್ನೇ ಬರೆಯಿತು. ಬರೆದು ಅದರ ಕೆಳಗೆ ಗೆರೆಯನ್ನೂ ಎಳೆದೆ. ಅರವತ್ತೊಂದು ಬಂತು. ಅಮ್ಮ ಬೀದಿಗೆಲ್ಲ ಮೈಸೂರು ಪಾಕು ಹಂಚಿದರು. ಅಂಗಡಿಗೂ ಒಂದು ಪೊಟ್ಟಣ ಕೊಟ್ಟು ಬಾ ಎಂದರು. ತಲೆನೋವು ಎಂದು ಮಲಗಿದೆ.

ಆಮೇಲೆ ನಾನು ಆ ಕಡೆ ಹೋಗಲಿಲ್ಲ. ಕೆಲಸ ಸಿಕ್ಕಿತು, ಮದುವೆಯಾಯಿತು, ವಿದ್ಯಾರಣ್ಯಪುರಕ್ಕೆ ಬಂದೆ. ಈಗ ಇಲ್ಲಿನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ನಿನಲ್ಲಿ ಕೂರುತ್ತೇನೆ. ಬರುವವರೆಲ್ಲ ದವಡೆ ಹಿಡಿದುಕೊಂಡು ಒಂಥರಾ ಆಗ್ತಿದೆ ಎನ್ನುತ್ತಾರೆ. ಯಾವ ಥರ ಎಂದು ಕೇಳಲು ನಾಲಿಗೆ ತುದಿಗೆ ಬರುತ್ತದೆ, ಕೇಳುವುದಿಲ್ಲ. ಡಾಕ್ಟರ್ ಹತ್ರ ಹೇಳಿ ಎಂದು ಟೋಕನ್ ಕೊಟ್ಟುಬಿಡುತ್ತೇನೆ.

ನಮ್ಮ ಡಾಕ್ಟರಮ್ಮನನ್ನು ಒಮ್ಮೆ ಊಟದ ಹೊತ್ತಿನಲ್ಲಿ ಬೇರೆ ಯಾರದೋ ಕಥೆಯೆಂಬಂತೆ ಕೇಳಿದ್ದೆ. ಒಂದೆರಡು ಗಂಟೆ ಮೊದಲು ಹೋಗಿದ್ದರೆ ಉಳಿಯುತ್ತಿದ್ದರಾ ಎಂದು. ಉಳಿಯಬಹುದಿತ್ತು, ಉಳಿಯದೆಯೂ ಇರಬಹುದಿತ್ತು, ಹಾಗೆಲ್ಲ ಹೇಳೋಕಾಗಲ್ಲ ಎಂದರು. ಹಲ್ಲಿನ ಡಾಕ್ಟರನ್ನು ಹೃದಯದ ವಿಷಯ ಕೇಳಿದ್ದು ನನ್ನದೇ ತಪ್ಪು.

ನನ್ನ ತಲೆ ಕೆಡಿಸಿರುವುದು ಆ ಗಂಟೆಯ ಲೆಕ್ಕಕ್ಕಿಂತ ಆ ಸಮಾನಧರ್ಮ. ನಾನು ಭಾರ ಎಂದೆ. ವೆಯ್ಟ್ ಎಂಬ ಹೆಸರೇ ಭಾರವಲ್ಲವೇ, ಬೇರೆ ಏನು ಹೇಳಬೇಕಿತ್ತು? ಮೊನ್ನೆ ಅಂಗೈಯಲ್ಲಿ ಇಟ್ಟುಕೊಂಡಾಗ ಗೊತ್ತಾಯಿತು, ಅದರಲ್ಲಿ ಭಾರವೇ ಇಲ್ಲ. ಹಾಗಾದರೆ ಅವರು ಹೇಳಿದ್ದು ಒಳಗಿನ ಆವಿಯ ಮಾತೇ? ಮೇಲೆ ಏನೋ ಕೂತಿದೆ ಅಂತಲೋ, ಒಳಗೆ ಏನೋ ಒತ್ತುತ್ತಿದೆ ಅಂತಲೋ? ಇನ್ನೇನು ಕೂಗುತ್ತದೆ ಅಂತಲೋ? ಅಥವಾ ಅದು ನಿಜವಾಗಿಯೂ ನಮ್ಮನ್ನು ನಗಿಸಲು ಹುಡುಕಿದ ಬರೀ ಒಂದು ಉದಾಹರಣೆಯೇ? ನೋವನ್ನು ನೋವು ಎನ್ನದೆ ಹೋಲಿಕೆ ಮಾಡಿ ಹೇಳಿದ್ದು ಅವರ ತಪ್ಪೇ, ಹೋಲಿಕೆಯಲ್ಲಿ ಅಲಂಕಾರ ಕಂಡು ನೋವು ಕಾಣದ್ದು ನನ್ನ ತಪ್ಪೇ? ಎಷ್ಟು ಯೋಚಿಸಿದರೂ ನನಗೆ ತಿಳಿಯುತ್ತಿಲ್ಲ. ಎರಡು ಬಸ್ಸಿಗೆ ಒಂದೇ ನಂಬರ್ ಎಂದಿದ್ದರಲ್ಲ, ಅವತ್ತೂ ನಾನು ತಪ್ಪು ಬಸ್ಸನ್ನೇ ಹತ್ತಿದೆನೇನೋ.

ವೆಯ್ಟ್ ಸಿಕ್ಕ ಮಾರನೆಯ ದಿನ ಕ್ಲಿನಿಕ್ಕಿಗೆ ರಜಾ ಹಾಕಿ ಆರ್.ಟಿ. ನಗರದ ಬಸ್ ಹತ್ತಿದೆ. ಗಂಡನಿಗೆ ಅಮ್ಮನ ಮನೆಗೆ ಎಂದೆ. ವೆಯ್ಟನ್ನು ಯಾಕೆ ಪರ್ಸಿಗೆ ಹಾಕಿಕೊಂಡೆನೋ ನನಗೇ ಗೊತ್ತಿಲ್ಲ. ಅಂಗಡಿ ಇರುವುದಿಲ್ಲ, ಇದ್ದರೂ ಅಂಕಲ್ ಇರುವುದಿಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಹಾಗಿರಲಿ ಎಂದು ಬೇಡಿಕೊಂಡೆ.

ಅಂಗಡಿ ಇತ್ತು, ಅಂಕಲ್ ಇದ್ದರು. ಗಡ್ಡ ಪೂರ್ತಿ ಬಿಳಿಯಾಗಿತ್ತು, ಕೊರಳಲ್ಲಿ ಟೇಪು ಹಾಗೆಯೇ ಇತ್ತು. ಯಾವ ಕಲರ್ ಬೇಕಮ್ಮಾ ಎಂದರು. ಅಮ್ಮನ ಗುರುತು ಹೇಳಿದೆ, ಫಾಲ್ಸ್ ಹಾಕ್ತಿದ್ರಲ್ಲ ಅಂಕಲ್, ಅವರ ಮಗಳು, ಮಿಸ್ ಹತ್ರ ಬರ್ತಿದ್ದೆ ಎಂದೆ. ಸ್ಟೂಲು ಎಳೆದು ಕೂರಿಸಿದರು. ಟೀ ತರಿಸಿದರು. ಟೀ ಮುಗಿದರೆ ಧೈರ್ಯವೂ ಮುಗಿಯುತ್ತದೆ ಎಂದು, ಲೋಟ ಅರ್ಧ ಇರುವಾಗಲೇ ನನ್ನ ತಪ್ಪುಗಳನ್ನೆಲ್ಲ ಹೇಳಿಬಿಟ್ಟೆ. ಒಂಥರಾ ಎಂದದ್ದು, ನಾವು ಕೂಗಿದ್ದು, ಚಪ್ಪಾಳೆ, ಎಬ್ಬಿಸಬೇಡಿ ಎಂದದ್ದು, ಆಮೇಲೆ ಏನೂ ಹೇಳಲಿಲ್ಲ ಎಂದದ್ದು. ಬೈಯಲಿ ಎಂದೇ ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅವರು ಟೇಪನ್ನು ಕೊರಳಿಂದ ತೆಗೆದು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

“ಅವತ್ತು ಬೆಳಿಗ್ಗೆ ನನ್ಗೂ ಹೇಳಿದ್ರಮ್ಮಾ. ಕೈಸಾಕೀ ಹೋರಾ ಜೀ ಅಂತ. ನೀವು ಒಂಥರಾ ಆಗ್ತಿದೆ ಅಂತೀರಲ್ಲ, ಅದೇ. ನಾನು ಬಂಡಲ್ ಬಿಚ್ತಾ ಇದ್ದೆ, ಹೂಂ ಅಂದೆ. ಕೈಸಾ, ಯಾವ ಥರ ಅಂತ ಕೇಳ್ಲೇ ಇಲ್ಲ. ನೀವು ಮಕ್ಳು ಕೇಳಿದ್ರಿ.”

ನಾವು ಆಟಕ್ಕೆ ಕೇಳಿದ್ದು ಅಂಕಲ್ ಎಂದೆ. ಅವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಕ್ಕೆ ಬಗ್ಗಿದರು. ಹದಿನೈದು ವರ್ಷದಿಂದ ಅವರಿಗೆ ಬೇಕಾಗಿದ್ದದ್ದು ನನ್ನ ತಪ್ಪೊಪ್ಪಿಗೆ ಅಲ್ಲ ಎಂದು ಆಗ ತಿಳಿಯಿತು.

“ಯಾವ ಥರ ಅಂದ್ರು?”

ಕತ್ತಿನ ಕೆಳಗೆ ಕೈಯಿಟ್ಟು ತೋರಿಸಿದೆ. ಇಲ್ಲಿ, ಕುಕ್ಕರ್ ಮೇಲೆ ವೆಯ್ಟ್ ಇಟ್ಟ ಥರ ಅಂದ್ರು ಅಂಕಲ್. ಪರ್ಸಿನಿಂದ ವೆಯ್ಟ್ ತೆಗೆದು ಗಾಜಿನ ಕೌಂಟರಿನ ಮೇಲೆ ಇಟ್ಟೆ. ಅವರು ಅದನ್ನು ಎತ್ತಿ ಅಂಗೈಯಲ್ಲಿ ತೂಗಿದರು. ಭಾರ ಅಂತಾನಾ ಎಂದು ಕೇಳಿದರು. ನಾನು ಭಾರ ಅಂದೆ, ಮಿಸ್ ತಲೆ ಅಲ್ಲಾಡಿಸಿದರು ಎಂದೆ.

“ಹೆಂಗೆ ಅಲ್ಲಾಡ್ಸಿದ್ರು?”

ನಾನು ಅಲ್ಲಾಡಿಸಿ ತೋರಿಸಿದೆ, ಆ ಕಡೆ, ಈ ಕಡೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು. ಇನ್ನೊಂದು ಸಲ ಎಂದರು. ತೋರಿಸಿದೆ. ಅವರೂ ಹಾಗೇ ತಲೆ ಅಲ್ಲಾಡಿಸಿ ನೋಡಿಕೊಂಡರು, ಮೆಲ್ಲಗೆ, ಹೆಂಡತಿಯದು ಸರಿಯಾಗಿ ಬಂತೇ ಎಂದು ಪರೀಕ್ಷೆ ಮಾಡುವವರ ಹಾಗೆ. ಹೌದು ಅಂತಾನೂ ಇರಬೌದು, ಅಲ್ಲ ಅಂತಾನೂ ಇರಬೌದು ಎಂದರು. ಬ್ಲೌಸ್ ಪೀಸುಗಳ ನಡುವೆ ನಾವಿಬ್ಬರೂ ಎದುರುಬದುರು ಕೂತು ತಲೆ ಅಲ್ಲಾಡಿಸುತ್ತಿದ್ದೆವು. ನೋಡಿದವರು ಏನೆಂದುಕೊಳ್ಳುತ್ತಿದ್ದರೋ.

ಒಬ್ಬಾಕೆ ಸೀರೆ ಹಿಡಿದುಕೊಂಡು ಬಂದು ಇದಕ್ಕೆ ಮ್ಯಾಚಿಂಗ್ ಇದೆಯಾ ಎಂದು ಕೇಳಿದರು. ಅಂಕಲ್ ಕಣ್ಣೊರೆಸಿಕೊಂಡು ಎದ್ದು, ಒಳಗಿನ ಲೈಟಿನಲ್ಲಿ ಗೊತ್ತಾಗಲ್ಲಮ್ಮಾ ಎಂದು ಸೀರೆಯನ್ನು ಹಗಲ ಬೆಳಕಿಗೆ, ಫುಟ್‌ಪಾತಿಗೆ ತೆಗೆದುಕೊಂಡು ಹೋದರು. ಬರ್ತೀನಿ ಅಂಕಲ್ ಎಂದೆ. ಬಾಮ್ಮಾ, ಬರ್ತಾ ಇರು ಎಂದರು. ವೆಯ್ಟನ್ನು ವಾಪಸು ಕೊಡಲು ಅವರಿಗೆ ನೆನಪಾಗಲಿಲ್ಲ, ಕೇಳಲು ನನಗೂ ಮನಸ್ಸಾಗಲಿಲ್ಲ.

ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ಹೆಬ್ಬಾಳ ದಾಟುವ ಹೊತ್ತಿಗೆ ಗಂಡನ ಫೋನು ಬಂತು. ಯಾಕೆ ದನಿ ಡಲ್ಲಾಗಿದೆ, ಏನಾಯ್ತು ಎಂದು ಕೇಳಿದರು.

“ಏನಿಲ್ಲ ಕಣ್ರೀ. ಒಂಥರಾ ಆಗ್ತಿದೆ” ಎಂದೆ.

ಹೇಳಿ, ಫೋನು ಕಿವಿಗೆ ಒತ್ತಿಕೊಂಡು ಒಂದು ಕ್ಷಣ ಕಾದೆ. ಸರಿ ಹಾಗಾದ್ರೆ, ಬರುವಾಗ ಅರ್ಧ ಲೀಟರ್ ಮೊಸರು ತಗೊಂಡ್ಬಾ ಎಂದರು.